10 ಸೆಕೆಂಡಿನ ಸ್ಯಾಂಪ್ಲರ್ ಇಟ್ಟುಕೊಂಡು ಯಕ್ಷಗಾನದ ಚೆಂಡೆ ಜೊತೆ ಬಾರಿಸುವುದು

ಸ್ಯಾಂಪ್ಲರ್ ಅಂದರೆ ಸದ್ದನ್ನು ಹಿಡಿದಿಟ್ಟುಕೊಂಡು, ಪ್ಯಾಡ್ ಒತ್ತಿದಾಗ ಅದನ್ನೇ ನುಡಿಸುವ ಯಂತ್ರ. ಮೊದಲು 10 ಸೆಕೆಂಡು ಸಾಕು ಅಂತ ಒಪ್ಪಿಕೊಳ್ಳಿ. 1987ರ ಎಸ್‌ಪಿ-1200 ಸ್ಯಾಂಪ್ಲರ್‌ನಲ್ಲಿ ಇದ್ದ ಜಾಗವೇ ಅಷ್ಟು, ಒಂದು ಸದ್ದಿಗೆ ಎರಡೂವರೆ ಸೆಕೆಂಡು. ಸದ್ದಿನ ಗುಣಮಟ್ಟ 12 ಬಿಟ್, 26 ಕಿಲೋಹರ್ಟ್ಸ್. ಆ ಯಂತ್ರ ಈಗ ತುಂಬ ದುಬಾರಿ. ಕಾಸರಗೋಡಿನ ಬದಿಯಡ್ಕದ ನಮ್ಮ ಜಗಲಿಯಲ್ಲಿ ಇರುವುದು ಲ್ಯಾಪ್‌ಟಾಪ್. ಅದರಲ್ಲೇ ಈ ಅಳತೆ ಹಾಕಿ, ಹನ್ನೊಂದನೇ ಸೆಕೆಂಡು ಬೇಡವೇ ಬೇಡ ಅಂತ ನಾಲ್ಕೂ ಜನ ಮಾತಾಡಿಕೊಂಡು ಬಾರಿಸುತ್ತೇವೆ.

ರೆಕಾರ್ಡ್ ಮಾಡುವಾಗ ಚೆಂಡೆಯ ಒಂದೇ ಒಂದು ಪೆಟ್ಟು ತೆಗೆದುಕೊಳ್ಳಿ. ಮದ್ದಳೆಯದ್ದೂ ಅಷ್ಟೇ. ಪೆಟ್ಟಿನ ಮುಂಚೆ ಇರುವ ಖಾಲಿ ಜಾಗವನ್ನು ಪೂರ್ತಿ ಕತ್ತರಿಸಿ, ಇಲ್ಲದಿದ್ದರೆ ಪ್ಯಾಡ್ ಒತ್ತಿದ ಮೇಲೆ ಸದ್ದು ತಡವಾಗಿ ಬರುತ್ತದೆ. ಕಷ್ಟ ಇರುವುದು ಜಾಗಟೆಯಲ್ಲಿ, ಅದರ ನಾದ ಎರಡೂವರೆ ಸೆಕೆಂಡಿಗೆ ಮುಗಿಯುವುದಿಲ್ಲ ಅಲ್ವಾ? ಹಿಂದೆ ಹಿಪ್‌ಹಾಪ್‌ನವರು ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ತುಂಬಿಸಿ, ಆಮೇಲೆ ಯಂತ್ರದ ಒಳಗೆ ನಿಧಾನ ಮಾಡುತ್ತಿದ್ದರು. ನೀವೂ ಎರಡು ಪಟ್ಟು ವೇಗದಲ್ಲಿ ತುಂಬಿಸಿ ಅರ್ಧಕ್ಕೆ ಇಳಿಸಿ. ನಾಲ್ಕು ಸೆಕೆಂಡಿನ ನಾದ ಎರಡರಲ್ಲಿ ಹಿಡಿಯುತ್ತದೆ. ಮೇಲಿನ ಮಿಂಚು ಹೋಗಿ, ಸ್ವಲ್ಪ ಮರಳು ಮರಳಾಗಿ, ದೂರದ ಗದ್ದೆಯಲ್ಲಿ ಆಟ ನಡೆಯುತ್ತಿರುವ ಹಾಗೆ ಕೇಳುತ್ತದೆ. ನನಗೆ ಆ ಸದ್ದೆಂದರೆ ಪ್ರಾಣ.

ಲೂಪ್ ಮಾತ್ರ, ಅಂದರೆ ಒಂದೇ ತುಣುಕು ತಾನಾಗಿ ಮತ್ತೆ ಮತ್ತೆ ಓಡುವ ಹಾಗೆ, ಮಾಡಬೇಡಿ. ನಾವು ತ್ರಿವುಡೆ ತಾಳದ ಏಳು ಅಕ್ಷರ ಲೂಪ್ ಮಾಡಿ ತಿಂಗಳುಗಟ್ಟಲೆ ಒದ್ದಾಡಿದ್ದೇವೆ. ಪದ (ಹಾಡು) ಏರುತ್ತಾ ಹೋದ ಹಾಗೆ ಮದ್ದಳೆಯವರು ಕಾಲ, ಅಂದರೆ ವೇಗ, ಏರಿಸುತ್ತಾರೆ, ಯಂತ್ರ ಅಲ್ಲೇ ನಿಂತಿರುತ್ತದೆ, ಕೊನೆಗೆ ಮದ್ದಳೆಯವರೇ ಯಂತ್ರಕ್ಕಾಗಿ ಕೈ ಬಿಗಿ ಹಿಡಿಯಬೇಕಾಗುತ್ತದೆ. ಅದು ಸರಿಯಲ್ಲ. ಪ್ಯಾಡನ್ನು ಕೈಯಲ್ಲೇ ಬಾರಿಸಿ, ಚೆಂಡೆಯವರ ಕೋಲು ಕಾಣುವ ಜಾಗದಲ್ಲಿ ಕುಳಿತುಕೊಳ್ಳಿ. ಶುರುವಿಗೆ ತಾಳದ ಪ್ರತಿ ಸುತ್ತಿನ (ಆವರ್ತದ) ಮೊದಲ ಅಕ್ಷರ ಮಾತ್ರ ಸಾಕು. ಸ್ವಿಟ್ಜರ್ಲೆಂಡಿನ ದಿ ಯಂಗ್ ಗಾಡ್ಸ್ ಬ್ಯಾಂಡನ್ನು ಒಮ್ಮೆ ಕೇಳಿ. 1985ರಲ್ಲಿ ಶುರುವಾದ ಅವರು ಗಿಟಾರಿನ ಸದ್ದನ್ನು ಸ್ಯಾಂಪ್ಲರ್‌ನಿಂದ ತೆಗೆದರು, ಡ್ರಮ್ಸ್ ಮಾತ್ರ ಮನುಷ್ಯರ ಕೈಯಲ್ಲೇ ಉಳಿಸಿದರು.

ಆಟಿ ತಿಂಗಳ ಮಳೆಗೆ ಚರ್ಮ ಸಡಿಲವಾಗಿ ಚೆಂಡೆಯ ಸದ್ದು ಇಳಿಯುತ್ತದೆ. ಬೇಸಿಗೆಯಲ್ಲಿ ಹಿಡಿದ ಪೆಟ್ಟು ಆಗ ಪಕ್ಕದಲ್ಲಿ ಕೂರುವುದಿಲ್ಲ. ಪಿಚ್ ಇಳಿಸಬಹುದು, ಆದರೆ ಅವತ್ತೇ ಹೊಸದಾಗಿ ಹಿಡಿಯುವುದು ಒಳ್ಳೆಯದು, ಐದು ನಿಮಿಷದ ಕೆಲಸ. ನಿಮ್ಮಲ್ಲಿ ಹಳೇ ಯಂತ್ರವೇ ಇದ್ದರೆ ಹಿಡಿದ ಕೂಡಲೇ ಫ್ಲಾಪಿಗೆ ಹಾಕಿ. ಕರೆಂಟ್ ಹೋದರೆ ಒಳಗಿದ್ದ ಸದ್ದೆಲ್ಲ ಅಳಿಸಿಹೋಗುತ್ತದೆ, ನಮ್ಮ ಮಳೆಗಾಲ ಗೊತ್ತಲ್ಲ.

ಚೆಂಡೆಗೆ ಮೈಕ್ ಬೇಡ. ಸ್ಯಾಂಪ್ಲರ್‌ನ ಸ್ಪೀಕರನ್ನು ಚೆಂಡೆಯ ಪಕ್ಕದಲ್ಲೇ ಇಡಿ. ಒಬ್ಬರು ಅಂಗಳ ದಾಟಿ ತೋಟದ ಹತ್ತಿರ ನಿಂತು ಕೇಳಲಿ. ಎರಡೂ ಒಂದೇ ಜಾಗದಿಂದ ಬರಬೇಕು, ಆದರೆ ಯಾವುದು ಕೋಲಿನ ಪೆಟ್ಟು, ಯಾವುದು ಯಂತ್ರದ್ದು ಅಂತ ಅವರಿಗೆ ಗೊತ್ತಾಗಲೇಬೇಕು. ಅಲ್ಲಿಯವರೆಗೆ ವಾಲ್ಯೂಮ್ ಹೆಚ್ಚು ಕಡಿಮೆ ಮಾಡುತ್ತಾ ಇರಿ.