ಒಂದು ಬಾಕ್ಸ್ ಫೈಲ್, ನೂರೆಂಟು ಆದೇಶ

2020ರಲ್ಲಿ ನಾನು ಕಲಬುರಗಿ ಜಿಲ್ಲೆಯ ಶಾಸಕರೊಬ್ಬರ ಆಪ್ತ ಸಹಾಯಕ. ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯದೇ, ಮಾರ್ಚ್ 10ಕ್ಕೆ. ಅದು ಕೊರೊನಾ ಅಂತ ಖಚಿತವಾದದ್ದು 12ಕ್ಕೆ. ಅಲ್ಲಿಂದ ವಾಟ್ಸ್‌ಆ್ಯಪ್ ತೆರೆದರೆ ಸಾಕು, ಆದೇಶ.

ಮೇ ಕೊನೆಗೆ ಕ್ವಾರಂಟೈನ್ ಕೇಂದ್ರ ಮಾಡಿದ್ದ ಒಂದು ಹಾಸ್ಟೆಲ್‌ನಿಂದ ಹೆಣ್ಣುಮಗಳೊಬ್ಬಳು ಫೋನ್ ಮಾಡಿದಳು. ಮುಂಬೈಯಿಂದ ಮರಳಿದವಳು. "ನೆಗೆಟಿವ್ ಬಂದು ಮೂರು ದಿನ ಆತ್ರೀ ಸರ್, ಯಾಕ ಬಿಡವಲ್ರು?" ಸಂಬಂಧಪಟ್ಟವರಿಗೆ ಕೇಳಿದೆ. "ಮೇಲಿನ ಆದೇಶ ಅದರಿ." ನಂಬರ್ ಹೇಳ್ರಿ ಅಂದೆ. "ನೋಡಿ ಹೇಳ್ತೀನ್ರಿ." ಹೇಳಲೇ ಇಲ್ಲ.

ಅವತ್ತು ರಾತ್ರಿ ಸಿಕ್ಕ ಆದೇಶಗಳನ್ನೆಲ್ಲ ಪ್ರಿಂಟ್ ತೆಗೆದು ಬಾಕ್ಸ್ ಫೈಲಿಗೆ ಹಾಕಿದೆ. ಮೊದಲು ನೋಡುತ್ತಿದ್ದದ್ದು ಮೇಲಿನ 'ಓದಲಾಗಿದೆ' ಅನ್ನೋ ಭಾಗ. ಯಾವ ಕಾನೂನಿನ ಬಲದ ಮೇಲೆ ಹೊರಡಿಸಿದ್ದಾರೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ. ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಸೆಕ್ಷನ್ ಆದರೆ ಎರಡು ತಿಂಗಳಿಗೆ ಆಯುಷ್ಯ ಮುಗಿಯುತ್ತಿತ್ತು, ಮುಂದುವರಿಸಬೇಕಾದರೆ ರಾಜ್ಯ ಸರ್ಕಾರವೇ ಹೇಳಬೇಕಿತ್ತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ರಾಜ್ಯದ ನಿಯಮಗಳನ್ನು ಸದನದ ಮುಂದೆ ಇಡಬೇಕು ಅಂತಿದೆ. ಆದರೆ ದಿನಾ ಬರುತ್ತಿದ್ದದ್ದು ನಿಯಮಗಳಲ್ಲ, ಆದೇಶಗಳು! 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಲ್ಲಂತೂ ಸದನದ ಮಾತೇ ಇಲ್ಲ. ಏಪ್ರಿಲ್‌ನಲ್ಲಿ ರಾಜ್ಯದ್ದೇ ಸುಗ್ರೀವಾಜ್ಞೆ ಬಂತು. ಅದನ್ನು ಸದನದ ಮುಂದೆ ಇಡಲೇಬೇಕು, ಸದನ ಸೇರಿದ ಆರು ವಾರದೊಳಗೆ ಒಪ್ಪಿಗೆ ಸಿಗದಿದ್ದರೆ ಬಿದ್ದುಹೋಗುತ್ತದೆ. ಆದರೆ ಸದನ ಸೇರಬೇಕಲ್ವಾ? ಮಾರ್ಚ್‌ನಲ್ಲಿ ಎದ್ದ ವಿಧಾನಸಭೆ ಮತ್ತೆ ಕೂತದ್ದು ಸೆಪ್ಟೆಂಬರ್ 21ಕ್ಕೆ. ಸಂವಿಧಾನದ 174ನೇ ವಿಧಿಯ ಆರು ತಿಂಗಳ ಗಡುವು ಇಲ್ಲದಿದ್ದರೆ ಆಗಲೂ ಸೇರುತ್ತಿತ್ತೋ ಇಲ್ಲವೋ.

ಸದನದಲ್ಲಿ ಕೇಳಲಿಕ್ಕೆ ಅಂತ ನಮ್ಮ ಶಾಸಕರಿಗೆ ನಾನು ಬರೆದುಕೊಟ್ಟ ಮೊದಲ ಪ್ರಶ್ನೆ ಸುಮ್ನೆ ದಂಡ. 'ಕ್ವಾರಂಟೈನ್‌ನಲ್ಲಿರುವವರ ತೊಂದರೆ ಸರ್ಕಾರದ ಗಮನಕ್ಕೆ ಬಂದಿದೆಯೇ?' ಉತ್ತರ ಎರಡೇ ಸಾಲು: ಬಂದಿದೆ. ಕ್ರಮ ಕೈಗೊಳ್ಳಲಾಗುತ್ತಿದೆ. ಬೇರೊಬ್ಬ ಶಾಸಕರ ಹಳೇ ಪಿ.ಎ. ನಕ್ಕುಬಿಟ್ಟರು. "ಕಷ್ಟ ಕೇಳಬ್ಯಾಡ ತಮ್ಮಾ, ಕಾಗದ ಕೇಳು."

ಅದರ ಮುಂದಿನ ಅಧಿವೇಶನಕ್ಕೆ ಕಾಗದ ಕೇಳಿದೆವು. ಕ್ವಾರಂಟೈನ್ ಬಗ್ಗೆ ಜಿಲ್ಲೆಗೆ ಅನ್ವಯವಾದ ಆದೇಶಗಳೆಷ್ಟು, ಪ್ರತಿಯೊಂದರ ಸಂಖ್ಯೆ, ದಿನಾಂಕ, ಕಾನೂನಿನ ಸೆಕ್ಷನ್ ಯಾವುದು, ಕೊನೆಗೊಂಡದ್ದು ಯಾವತ್ತು. ಚುಕ್ಕೆ ಗುರುತಿನ ಪ್ರಶ್ನೆಯಾಗಿದ್ದರೆ ಮಂತ್ರಿಗಳು ಎದ್ದು ನಿಂತು ಹೇಳಬೇಕು, ಉಪಪ್ರಶ್ನೆಯೂ ಕೇಳಬಹುದು. ನಮ್ಮದು ಚುಕ್ಕೆ ರಹಿತದಲ್ಲಿ ಹೋಯಿತು, ಲಿಖಿತ ಉತ್ತರ ಮಾತ್ರ. ನನಗೇನೂ ಬೇಜಾರಾಗಲಿಲ್ಲ. ಭಾಷಣಕ್ಕಿಂತ ಉತ್ತರದ ಜೊತೆ ಲಗತ್ತಿಸುವ ಅನುಬಂಧದಲ್ಲೇ ಜಾಸ್ತಿ ಸಿಗುತ್ತದೆ.

ಅನುಬಂಧ ಬಂತು. ಬಾಕ್ಸ್ ಫೈಲ್ ತೆರೆದು ಒಂದೊಂದೇ ನಂಬರಿಗೆ ಪೆನ್ಸಿಲ್‌ನಲ್ಲಿ ಟಿಕ್ ಹಾಕುತ್ತಾ ಕೂತೆ. ನೆಗೆಟಿವ್ ಬಂದವರನ್ನು ಮತ್ತೆ ಮೂರು ದಿನ ಇಟ್ಟುಕೊಳ್ಳಿ ಅನ್ನುವ ಆದೇಶ ಆ ಪಟ್ಟಿಯಲ್ಲಿ ಇರಲಿಲ್ಲ. ನನ್ನ ಫೈಲಿನಲ್ಲೂ ಇರಲಿಲ್ಲ.