ಭಾಷಾಬೋಧನೆಯ ಸಂಶೋಧನೆಯನ್ನು ಎರಡು ನಿಮಿಷದ ವಿಡಿಯೊ ಮಾಡುವ ಬಗೆ

ಪಾಠ, ನೋಟ್‌ಬುಕ್ ತಿದ್ದುವಿಕೆ, ಬಿಸಿಯೂಟದ ಲೆಕ್ಕ, ಆನ್‌ಲೈನ್ ದಾಖಲಾತಿಗಳ ನಡುವೆ ನಮ್ಮ ಸರ್ಕಾರಿ ಶಾಲೆಗಳ ಭಾಷಾ ಶಿಕ್ಷಕರಿಗೆ ಸಂಶೋಧನಾ ಪ್ರಬಂಧಗಳನ್ನು ಓದಲು ಬಿಡುವು ಸಿಗುವುದಿಲ್ಲ. ಸಿಕ್ಕರೂ ಅನೇಕ ನಿಯತಕಾಲಿಕೆಗಳು ಹಣ ತೆತ್ತವರಿಗಷ್ಟೇ ತೆರೆಯುತ್ತವೆ. ಆದುದರಿಂದ ವಿಡಿಯೊ ಮಾಡುವವರು ಇಡೀ ಪ್ರಬಂಧದ ಸಾರಾಂಶ ಒಪ್ಪಿಸಲು ಹೊರಡದೆ, ತರಗತಿಯಲ್ಲಿ ಶಿಕ್ಷಕರು ಕೈಗೊಳ್ಳುವ ಒಂದೇ ಒಂದು ನಿರ್ಧಾರಕ್ಕೆ ಅದು ಹೇಗೆ ನೆರವಾಗುತ್ತದೆ ಎಂಬುದನ್ನು ತೋರಿಸಬೇಕು. ಪ್ರಬಂಧ ಆರಿಸಲು 'ಓಯಸಿಸ್' (OASIS) ಜಾಲತಾಣದಲ್ಲಿ ಸಿಗುವ, ಭಾಷಾ ಸಂಶೋಧನೆಗಳ ಒಂದೊಂದು ಪುಟದ ಉಚಿತ ಸಾರಾಂಶಗಳು ಅನುಕೂಲ. ಆದರೆ ಅಂಕಿ ಅಂಶಗಳನ್ನು ಮೂಲದಲ್ಲೇ ನೋಡಿ ಖಚಿತಪಡಿಸಿಕೊಳ್ಳಿ.

ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ 1997ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ತೆಗೆದುಕೊಳ್ಳೋಣ. ಕೆನಡಾದಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ಓದುತ್ತಿದ್ದ ಪ್ರಾಥಮಿಕ ಶಾಲಾ ಮಕ್ಕಳ ತಪ್ಪುಗಳನ್ನು ನಾಲ್ವರು ಶಿಕ್ಷಕರು ಹೇಗೆ ತಿದ್ದುತ್ತಿದ್ದರು ಎಂಬುದನ್ನು ಅವರು ಪರಿಶೀಲಿಸಿದರು. ತಿದ್ದುವ ಮಾತುಗಳಲ್ಲಿ ಶೇ. 55ರಷ್ಟು, ಮಗುವಿನ ವಾಕ್ಯವನ್ನು ಶಿಕ್ಷಕರೇ ಸರಿಪಡಿಸಿ ಹೇಳುವ ಬಗೆಯವು. ಮಕ್ಕಳು ಸ್ಪಂದಿಸಿದ್ದು ಅತಿ ಕಡಿಮೆ ಇದಕ್ಕೇ. ಸರಿಯಾದ ರೂಪವನ್ನು ಮಗುವಿನ ಬಾಯಿಂದಲೇ ಹೊರಡಿಸಲು ಯತ್ನಿಸಿದಾಗ ಮಕ್ಕಳು ತಾವೇ ತಿದ್ದಿಕೊಂಡದ್ದು ಹೆಚ್ಚು.

ವಿಡಿಯೊವನ್ನು ಸಂಶೋಧಕರ ಹೆಸರಿನಿಂದ ಆರಂಭಿಸಬೇಡಿ. 'ಯೆಸ್ಟರ್‌ಡೇ ಐ ಗೋ ಟು ಸಂತೆ' ಎಂದು ವಿದ್ಯಾರ್ಥಿ ಹೇಳಲಿ. 'ಓ, ಯು ವೆಂಟ್ ಟು ಸಂತೆ, ವೆರಿ ಗುಡ್' ಎಂದು ಶಿಕ್ಷಕಿ ಹೇಳಿದೊಡನೆ ಅವನು ತಲೆಯಾಡಿಸಿ ಕುಳಿತುಕೊಳ್ಳಲಿ. ಬಳಿಕ ಅದೇ ಸನ್ನಿವೇಶ ಮತ್ತೊಮ್ಮೆ: ಶಿಕ್ಷಕಿ 'ಯೆಸ್ಟರ್‌ಡೇ ಐ...' ಎಂದು ಅಲ್ಲಿಗೇ ನಿಲ್ಲಿಸಿ ಕಾಯುತ್ತಾರೆ, ವಿದ್ಯಾರ್ಥಿ ತುಸು ಯೋಚಿಸಿ 'ವೆಂಟ್' ಎನ್ನುತ್ತಾನೆ. ಆ ಮೌನವನ್ನು ಸಂಕಲನದಲ್ಲಿ ಕತ್ತರಿಸಬೇಡಿ, ಶಿಕ್ಷಕರು ಕಲಿಯಬೇಕಾದದ್ದು ಅದನ್ನೇ. ಅಧ್ಯಯನದ ವಿವರ ಇದಾದ ಮೇಲೆ ಬರಲಿ. ಮಕ್ಕಳನ್ನು ಚಿತ್ರೀಕರಿಸಲು ಪೋಷಕರ ಒಪ್ಪಿಗೆ ಬೇಕಾಗುವುದರಿಂದ ಸಹೋದ್ಯೋಗಿಗಳೇ ವಿದ್ಯಾರ್ಥಿಗಳಾಗಿ ನಟಿಸುವುದು ಒಳ್ಳೆಯದು.

ಅಧ್ಯಯನದ ಮಿತಿಯನ್ನು ಹೇಳಲು ಹದಿನೈದು ಸೆಕೆಂಡುಗಳನ್ನಾದರೂ ಮೀಸಲಿಡಿ: ಇದು ನಾಲ್ಕೇ ತರಗತಿಗಳ ಅಧ್ಯಯನ, ಅಲ್ಲದೆ ಮಗು ಆ ಕ್ಷಣಕ್ಕೆ ತಿದ್ದಿಕೊಂಡ ಮಾತ್ರಕ್ಕೆ ಅದು ಶಾಶ್ವತವಾಗಿ ಕಲಿತಿದೆ ಎಂದಾಗುವುದಿಲ್ಲ. ಸಮಯ ಸಾಲದೆಂದು ಮೊದಲು ಕೈಬಿಡುವ ಭಾಗವೇ ಇದು. ಬಿಟ್ಟರೆ ಸಂಶೋಧನೆಯ ಹೆಸರಿನಲ್ಲಿ ಹೊಸದೊಂದು ಅಪ್ಪಣೆ ಹೊರಡಿಸಿದಂತಾಗಿ ಶಿಕ್ಷಕರ ವಿವೇಚನೆಗೆ ಅನ್ಯಾಯವಾಗುತ್ತದೆ.

ನಿರೂಪಣೆ 200 ಪದಗಳನ್ನು ಮೀರದಿರಲಿ. ಬರೆದದ್ದನ್ನು ಗಟ್ಟಿಯಾಗಿ ಓದಿ, ನಾಲಿಗೆ ತೊಡರಿದ ಕಡೆ ವಾಕ್ಯವನ್ನು ಒಡೆಯಿರಿ. ಚಿತ್ರೀಕರಣಕ್ಕೆ ಮೊಬೈಲ್ ಸಾಕು, ಫ್ಯಾನ್ ಮಾತ್ರ ನಿಲ್ಲಿಸಿ. ಸಿಬ್ಬಂದಿ ಕೊಠಡಿಯಲ್ಲಿ ಧ್ವನಿಯಿಲ್ಲದೆ ನೋಡುವವರಿಗಾಗಿ ಕನ್ನಡ ಅಡಿಬರಹ ಕೊಡಿ. ಸಣ್ಣ ಪರದೆಯಲ್ಲಿ ಒತ್ತಕ್ಷರಗಳು ಕಲಸಿಹೋಗುವುದರಿಂದ ಅಕ್ಷರಗಳು ದೊಡ್ಡದಾಗಿರಲಿ.

ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳುಹಿಸುವ ಮುನ್ನ ಇಬ್ಬರು ಶಿಕ್ಷಕರಿಗೆ ತೋರಿಸಿ, ನಾಳೆ ತರಗತಿಯಲ್ಲಿ ಏನನ್ನು ಬೇರೆ ರೀತಿ ಮಾಡುತ್ತೀರಿ ಎಂದು ಕೇಳಿ. ಅವರ ಉತ್ತರದಲ್ಲಿ ಸಂಶೋಧಕರ ಹೆಸರಿದ್ದು, ಕಾಯುವ ಮಾತೇ ಬರದಿದ್ದರೆ ಎರಡನೆಯ ಸನ್ನಿವೇಶವನ್ನು ಮತ್ತೆ ಚಿತ್ರೀಕರಿಸಿ.