ವೈರುಗಳ ನಡುವೆ ನಿದ್ದೆ ಬರಿಸುವ ಕೆಲಸ

ಸ್ಲೀಪ್ ಸ್ಟಡಿಗೆ, ಅಂದರೆ ಒಂದು ರಾತ್ರಿಯ ನಿದ್ದೆಯನ್ನು ಮೆಷಿನ್‌ನಲ್ಲಿ ದಾಖಲಿಸುವ ಪರೀಕ್ಷೆಗೆ, ಬರುವವರಿಗೆ ಫೋನಿನಲ್ಲೇ ಹೇಳಿರುತ್ತೇನೆ, ತಲೆಗೆ ಎಣ್ಣೆ ಹಚ್ಚಬೇಡಿ ಅಂತ. ಆದರೂ ಕೆಲವರು ಕೊಬ್ಬರಿ ಎಣ್ಣೆ ತಟ್ಟಿಕೊಂಡು, ನೀಟಾಗಿ ಬಾಚಿಕೊಂಡೇ ಬರುತ್ತಾರೆ. ಆಸ್ಪತ್ರೆಗೆ ತಲೆ ಕೆದರಿಕೊಂಡು ಹೋಗೋಕಾಗುತ್ತಾ? ಆಮೇಲೆ ರಾತ್ರಿ ಎಂಟಕ್ಕೆ ಶಾಂಪೂ ಹಾಕಿ ತಲೆ ತೊಳೆಸುವ ಕೆಲಸ ನನ್ನದು. ಮೈಸೂರಿನ ಒಂದು ಸ್ಲೀಪ್ ಲ್ಯಾಬ್‌ನಲ್ಲಿ ನಾನು ರಾತ್ರಿ ಪಾಳಿಯ ಟೆಕ್ನಿಷಿಯನ್.

ಮೊದಲು ಟೇಪ್ ಹಿಡಿದು ಮೂಗಿನ ಬುಡದಿಂದ ತಲೆಯ ಹಿಂಬದಿಯ ಮೂಳೆ ಉಬ್ಬಿರುವ ಜಾಗದವರೆಗೆ ಅಳೆಯುತ್ತೇನೆ. ಆ ಅಳತೆಯ 10 ಮತ್ತು 20 ಪರ್ಸೆಂಟ್ ಲೆಕ್ಕ ಹಾಕಿ ಪೆನ್ಸಿಲ್ ಗುರುತು. ಬಾಚಣಿಗೆಯ ಬಾಲದಿಂದ ಕೂದಲು ಸರಿಸಿ, ಒರಟು ಜೆಲ್ ಹಚ್ಚಿದ ಹತ್ತಿಯಿಂದ ಚರ್ಮ ಉಜ್ಜಿ, ಪೇಸ್ಟ್ ಇಟ್ಟು ಎಲೆಕ್ಟ್ರೋಡ್ (ಮಿದುಳಿನ ಕರೆಂಟು ಹಿಡಿಯುವ ವೈರಿನ ತುದಿ) ಕೂರಿಸುವುದು. ಇಂಪೀಡೆನ್ಸ್, ಅಂದರೆ ಚರ್ಮ ಒಡ್ಡುವ ವಿದ್ಯುತ್ ತಡೆ, 5 ಕಿಲೋ ಓಮ್‌ಗಿಂತ ಕೆಳಗೆ ಬರುವ ತನಕ ನನಗೆ ಸಮಾಧಾನವಿಲ್ಲ. ಎಣ್ಣೆ ಇದ್ದರೆ ಅದು ಇಳಿಯುವುದೇ ಇಲ್ಲ. ಆಮೇಲೆ ಕಣ್ಣಿನ ಪಕ್ಕ, ಗದ್ದ, ಎರಡೂ ಕಾಲು, ಎದೆಗೆ ಹೊಟ್ಟೆಗೆ ಬೆಲ್ಟು, ಮೂಗಿಗೆ ನಳಿಕೆ, ಬೆರಳಿಗೆ ಆಕ್ಸಿಮೀಟರ್. ಕೈ ಪಳಗಿದರೆ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ.

ಭಯ ಇಳಿಸುವುದಕ್ಕೆ ಮಾತ್ರ ಇಷ್ಟೇ ಹೊತ್ತು ಅಂತಿಲ್ಲ. ‘ಕರೆಂಟ್ ಹೊಡೆಯಲ್ಲ ತಾನೇ ಮೇಡಂ?’ ಅಂತ ಬಹಳ ಜನ ಕೇಳುತ್ತಾರೆ. ಕೇಳದವರ ಕೈಯೂ ಎಷ್ಟೋ ಸಲ ತಣ್ಣಗಿರುತ್ತದೆ. ಮಿದುಳಿನಲ್ಲಿ ಅಪಾಯ ಗುರುತಿಸುವ ಅಮಿಗ್ಡಲಾ ‘ಹುಷಾರು’ ಎಂದರೆ ಮಿದುಳಿನ ಕಾಂಡದಲ್ಲಿರುವ ಲೋಕಸ್ ಸೆರೂಲಿಯಸ್ ಎಂಬ ಪುಟ್ಟ ಭಾಗ ಎಚ್ಚರಿಸುವ ರಾಸಾಯನಿಕ ನಾರ್‌ಅಡ್ರಿನಲಿನ್ ಸುರಿಸುತ್ತದೆ. ಎದೆಬಡಿತ ಏರುತ್ತದೆ, ಮೈ ಬಿಗಿಯುತ್ತದೆ. ಹಲ್ಲು ಕಚ್ಚಿಕೊಂಡಿದ್ದರೆ ಗದ್ದದ ಎಲೆಕ್ಟ್ರೋಡ್ ಬರೆಯುವ ಗೆರೆ ಪರದೆಯ ಮೇಲೆ ದಪ್ಪಗೆ ಕಾಣುತ್ತದೆ. ಬಾಯಲ್ಲಿ ‘ಏನೂ ಭಯ ಇಲ್ಲ’ ಅಂತಿರುತ್ತಾರೆ, ಗದ್ದ ಬೇರೆ ಹೇಳುತ್ತಿರುತ್ತದೆ.

ಸಮಾಧಾನದ ಮಾತು ಅಷ್ಟಾಗಿ ಕೆಲಸ ಮಾಡುವುದಿಲ್ಲ. ನಾನು ಪರದೆಯನ್ನೇ ಅವರ ಕಡೆ ತಿರುಗಿಸಿ, ಕಣ್ಣು ಮುಚ್ಚಿ ಆರಾಮಾಗಿ ಕೂರಿ ಎನ್ನುತ್ತೇನೆ. ತಲೆಯ ಹಿಂಭಾಗದ ಗೆರೆಯಲ್ಲಿ ಸೆಕೆಂಡಿಗೆ 8ರಿಂದ 13 ಏರಿಳಿತದ ಆಲ್ಫಾ ಅಲೆ ಬರುತ್ತದೆ. ಕಣ್ಣು ಬಿಟ್ಟರೆ ಮಾಯ. ಸ್ವಲ್ಪ ರೆಕಾರ್ಡ್ ಮಾಡಿ ಹಿಂದೆ ಓಡಿಸಿ ತೋರಿಸುತ್ತೇನೆ. ಜರ್ಮನಿಯ ಹ್ಯಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದ್ದು ಇದೇ ಅಲೆಯನ್ನು. ‘ಇದು ನಿಮ್ಮದೇ ಕರೆಂಟು, ಮೆಷಿನ್ ಓದುತ್ತೆ ಅಷ್ಟೇ, ಕೊಡೋದಿಲ್ಲ. ಒಂದು ವೋಲ್ಟನ್ನ ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಹತ್ತಾರು ಪಾಲಿನಷ್ಟು’ ಎಂದರೆ ಮುಖ ಸಡಿಲವಾಗುತ್ತದೆ. ಆಮೇಲೆ ಕಣ್ಣು ಎಡಕ್ಕೆ ಬಲಕ್ಕೆ, ಪಾದ ಅಲ್ಲಾಡಿಸಿ, ಸುಮ್ನೆ ಗೊರಕೆ ಹೊಡೆದ ಹಾಗೆ ಮಾಡಿ ಎನ್ನುತ್ತೇನೆ. ಗೊರಕೆಗೆ ಎಲ್ಲರೂ ನಾಚುತ್ತಾರೆ. ಹೆಂಡತಿ ಪಕ್ಕದಲ್ಲಿದ್ದರೆ ಆಕೆಯೇ ಮಾಡಿ ತೋರಿಸಿದ್ದೂ ಇದೆ.

ಇಷ್ಟಾದರೂ ಹೊಸ ಜಾಗದ ಮೊದಲ ರಾತ್ರಿ ನಿದ್ದೆ ಹಗುರವಾಗಿಯೇ ಇರುತ್ತದೆ. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಕಂಡಿದ್ದೇನೆಂದರೆ, ಆ ರಾತ್ರಿ ಗಾಢ ನಿದ್ದೆಯಲ್ಲೂ ಮಿದುಳಿನ ಎಡಭಾಗದ ಒಂದು ಜಾಲ ಬಲಭಾಗದಷ್ಟು ಆಳಕ್ಕಿಳಿಯುವುದಿಲ್ಲ, ಸದ್ದಿಗೆ ಬೇಗ ಎಚ್ಚರಗೊಳ್ಳುತ್ತದೆ. ಮನೆಯ ದಿಂಬು, ಹೊದಿಕೆ ತನ್ನಿ ಎಂದು ನಾನು ಒತ್ತಾಯ ಮಾಡುವುದು ಅದಕ್ಕೇ.

ಮಲೆನಾಡಿನ ಕಡೆಯ ಒಬ್ಬ ಯಜಮಾನರ ವಿಷಯ ಹೇಳಬೇಕು. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ. ಅರವತ್ತು ದಾಟಿದವರು, ಹಗಲಲ್ಲಿ ಬಹಳ ಮೆತ್ತಗಿನ ಮನುಷ್ಯ. ರಾತ್ರಿ ನಿದ್ದೆಯಲ್ಲೇ ಒದೆಯುತ್ತಾರೆ, ಕೂಗುತ್ತಾರೆ. ಅವರ ಹೆಂಡತಿ ತೋಳಿನ ನೀಲಿ ಕಲೆ ತೋರಿಸಿ, ‘ಹೊಡೆಯೋ ಮನುಷ್ಯ ಅಲ್ಲ ಕಣಮ್ಮ ಇವರು’ ಎಂದರು.

ಕನಸು ಹೆಚ್ಚಾಗಿ ಬೀಳುವ, ಮುಚ್ಚಿದ ಕಣ್ಣು ಸರಸರ ಹೊರಳುವ ಆರ್‌ಇಎಂ ನಿದ್ದೆಯಲ್ಲಿ ಅಮಿಗ್ಡಲಾ ಚುರುಕಾಗಿರುತ್ತದೆ. ಆದರೂ ಮೈ ಅಲ್ಲಾಡುವುದಿಲ್ಲ. ಮಿದುಳಿನ ಕಾಂಡದಿಂದ ಬರುವ ತಡೆ ಸ್ನಾಯುಗಳನ್ನು ಕಟ್ಟಿಹಾಕಿರುತ್ತದೆ. ಪರದೆಯಲ್ಲಿ ಕಣ್ಣಿನ ಗೆರೆಗಳು ಸರಸರ ಓಡುತ್ತಿದ್ದರೆ ಗದ್ದದ ಗೆರೆ ಸಪಾಟಾಗಿರಬೇಕು. ಬೆಳಗಿನ ಜಾವ ಇವರ ಕಣ್ಣಿನ ಗೆರೆ ಓಡತೊಡಗಿತು. ಗದ್ದದ್ದು ಇಳಿಯಲೇ ಇಲ್ಲ. ‘ಹೋ! ಹೋ!’ ಎಂದು ಕೂಗಿ ಎರಡೂ ಕೈ ಬೀಸಿದರು. ಇಂಥ ಹೊತ್ತಲ್ಲಿ ಹತ್ತಿರ ಹೋಗಿ ಅಲ್ಲಾಡಿಸಬಾರದು. ಬಾಗಿಲಲ್ಲೇ ನಿಂತು ಹೆಸರು ಹಿಡಿದು ಕರೆದೆ. ಎದ್ದರು. ತೋಟಕ್ಕೆ ಆನೆ ನುಗ್ಗಿತ್ತಂತೆ, ಓಡಿಸುತ್ತಿದ್ದರಂತೆ.

ಸಮಯ ಬರೆದುಕೊಂಡು ನಾನು ಮೊದಲು ನೋಡಿದ್ದು ಉಸಿರಿನ ಗೆರೆ. ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ ಜೋರಾಗಿದ್ದರೂ ಉಸಿರು ಕಟ್ಟಿ ಬೆಚ್ಚಿದಾಗ ಹೀಗೇ ಕೈಕಾಲು ಬಡಿಯುವುದುಂಟು. ಮೂಗಿನ ನಳಿಕೆ ಜಾರಿದ್ದರೆ ಎರಡಕ್ಕೂ ವ್ಯತ್ಯಾಸ ತಿಳಿಯುವುದೇ ಕಷ್ಟ. ಇವರ ಉಸಿರು ಸರಿಯಿತ್ತು. ಎಂಟು ಗಂಟೆಯ ನಿದ್ದೆ ಎಂದರೆ 30 ಸೆಕೆಂಡಿನ 960 ಪುಟ. ನಾನು ಒಂದೊಂದನ್ನೂ ಗುರುತು ಹಾಕಿದ ಮೇಲೆ ಡಾಕ್ಟರ್ ನೋಡಿ ಆರ್‌ಇಎಂ ಸ್ಲೀಪ್ ಬಿಹೇವಿಯರ್ ಡಿಸಾರ್ಡರ್ ಎಂದರು, ಅಂದರೆ ಆ ತಡೆ ಸಡಿಲಾಗಿ ಕನಸಿನ ಜೊತೆ ಮೈಯೂ ಆಡುವ ತೊಂದರೆ.

ಈ ತೊಂದರೆ ಇರುವವರಲ್ಲಿ ವರ್ಷಕ್ಕೆ ಸುಮಾರು 6% ಜನರಿಗೆ ಪಾರ್ಕಿನ್ಸನ್ಸ್ ಅಥವಾ ಅದೇ ಗುಂಪಿನ ಮರೆವಿನ ಕಾಯಿಲೆ ಶುರುವಾಗುತ್ತದೆ. ಅದನ್ನು ಹೇಳುವುದು ಡಾಕ್ಟರ ಕೆಲಸ, ನಾನು ಬಾಯಿ ಬಿಡುವುದಿಲ್ಲ. ಮಲಗುವ ಕೋಣೆಯ ವಿಷಯ ಮಾತ್ರ ಹೆಂಡತಿಗೆ ಹೇಳಿ ಕಳಿಸಿದೆ: ಮಂಚ ಕಿಟಕಿಯ ಗಾಜಿನಿಂದ ದೂರ ಇರಲಿ, ತಲೆದೆಸೆಯಲ್ಲಿ ಚೂಪಾದ ವಸ್ತು ಬೇಡ, ಕೆಳಗೆ ಒಂದು ದಪ್ಪ ಹಾಸಿಗೆ ಹಾಕಿ. ಔಷಧ ಹಿಡಿಯುವವರೆಗೆ ನೀವು ಬೇರೆ ಮಂಚದಲ್ಲಿ ಮಲಗಿ.